ಅಡ್ವೈಜರ್ ಕಾಕಾ

ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ಸಾಲ ಮಾಡಿಸಿಕೊಡುವವರು ಬೇರೆ, ಲಿಂಗಸುಗೂರಿನಲ್ಲಿ ಪ್ಲಾಟು ತೋರಿಸುವವರು ಬೇರೆ, ಮಸ್ಕಿಯಲ್ಲಿ ಕನ್ಯೆ ತೋರಿಸುವವರು ಬೇರೆ. ಈ ಮೂರೂ ದಂಧೆ ಮಾಡಿ ಕೈಬಿಟ್ಟವರು ಕಾಕಾ. ಈಗ ವಯಸ್ಸಾದವರಿಗೆ ಜಾಗ ತೋರಿಸುತ್ತಾರೆ. ಅವರ ಕಾರ್ಡಿನ ಮೇಲೆ ‘ಹಿರಿಯ ನಾಗರಿಕರ ವಸತಿ ಸಲಹೆಗಾರರು’ ಎಂದಿದೆ. ಹಳೇ ಕಾರ್ಡಿನ ಬೆನ್ನಿಗೇ ಹೊಸದನ್ನು ಅಚ್ಚು ಹಾಕಿಸಿದ್ದರಿಂದ, ತಿರುಗಿಸಿದರೆ ‘ಬೋರ್‌ವೆಲ್ ಪಾಯಿಂಟ್ ನೋಡಿ ಕೊಡಲಾಗುವುದು’ ಎಂದೂ ಇದೆ. ಇದರಲ್ಲಿ ಯಾವುದಕ್ಕೆ ಗ್ಯಾರಂಟಿ ಎಂದು ಕೇಳಿದರೆ, “ಗ್ಯಾರಂಟಿ ಯಾವುದಕ್ಕೂ ಇಲ್ರಿ, ಅನುಭವ ಎರಡಕ್ಕೂ ಐತಿ” ಎನ್ನುತ್ತಾರೆ.

ಕಾಕಾನಿಗೆ ಗಿರಾಕಿಗಳನ್ನು ಒದಗಿಸಿದ್ದು ತುಂಗಭದ್ರೆ. 1953ರ ಹೊತ್ತಿಗೆ ಅಣೆಕಟ್ಟು ಎದ್ದಿತು, ಎಡದಂಡೆ ಕಾಲುವೆ ಸಿಂಧನೂರಿನ ಎರೆಹೊಲವನ್ನು ಗದ್ದೆ ಮಾಡಿತು. ಗದ್ದೆ ಸೋನಾಮಸೂರಿ ಕೊಟ್ಟಿತು, ಸೋನಾಮಸೂರಿ ಇಂಜಿನಿಯರಿಂಗ್ ಸೀಟು ಕೊಟ್ಟಿತು, ಸೀಟು ಮಗನನ್ನು ಬೆಂಗಳೂರಿಗೆ ಕೊಟ್ಟುಬಿಟ್ಟಿತು. ಊರಲ್ಲಿ ಉಳಿದದ್ದು ದೊಡ್ಡ ಮನೆ, ಅದರೊಳಗೆ ಮಂಡಿನೋವಿನ ಅವ್ವ. ಮಗ ಹಬ್ಬಕ್ಕೆ ಬಂದವನು ರಜೆ ಮುಗಿಯುವ ಮುಂಚೆ ಒಂದು ನಿರ್ಧಾರ ಮಾಡಿ ಹೋಗಬೇಕು. ಆಗ ಯಾರೋ ಕಾಕಾನ ನಂಬರು ಕೊಡುತ್ತಾರೆ.

ಸಮಾಲೋಚನೆ ನಡೆಯುವುದು ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ. ವಗ್ಗರಣಿ-ಮಿರ್ಚಿ ಮಗನ ಲೆಕ್ಕಕ್ಕೆ. ಮೊದಲನೇ ಮಿರ್ಚಿ ಮುಗಿಯುವುದರೊಳಗೆ ಕಾಕಾನಿಗೆ ಮಗನ ಸಂಬಳ, ಸೊಸೆಯ ಸಂಬಳ, ಹೊಲ ಎಷ್ಟು ಎಕರೆ, ಅದು ಯಾರ ಹೆಸರಿಗಿದೆ ಎಲ್ಲವೂ ಗೊತ್ತಾಗಿರುತ್ತದೆ. ಅವ್ವನಿಗೆ ಏನು ಕಾಯಿಲೆ, ರಾತ್ರಿ ಎಷ್ಟು ಸಲ ಏಳುತ್ತಾಳೆ, ಒಬ್ಬಳೇ ಸ್ನಾನ ಮಾಡಿಕೊಳ್ಳುತ್ತಾಳೋ ಇಲ್ಲವೋ, ಈ ಪ್ರಶ್ನೆಗಳು ಚಹಾ ಬಂದರೂ ಬರುವುದಿಲ್ಲ. ಬಿಲ್ಲಿನ ಹೊತ್ತಿಗೆ ಮಗನೇ ತಡವರಿಸುತ್ತಾನೆ:

“ಕಾಕಾ, ಅವ್ವನ್ನ ಒಂದು ಮಾತು ಕೇಳಬೇಕಲ್ರಿ?”

“ಕೇಳಿದ್ರ ಬ್ಯಾಡ ಅಂತಾರ. ಅದಕ್ಕ ಕೇಳಬಾರದು.”

ಈ ಒಂದು ಮಾತಿಗಾಗಿಯೇ ಮಕ್ಕಳು ಕಾಕಾನನ್ನು ಹುಡುಕಿಕೊಂಡು ಬರುತ್ತಾರೆ ಎಂಬುದು ನನ್ನ ಗುಮಾನಿ. ಅವರು ದುಡ್ಡು ಕೊಡುವುದು ಸಲಹೆಗಲ್ಲ. ನಾಳೆ ಅತ್ತೆ, ಸೋದರಮಾವ, ಅಗಸಿ ಕಟ್ಟೆಯ ಹಿರಿಯರು ಮುಖಕ್ಕೆ ಮುಖ ಕೊಟ್ಟು ಕೇಳಿದಾಗ “ನಂದೇನೂ ಇಲ್ರಿ, ಕಾಕಾ ಹೇಳಿದ್ರು” ಎನ್ನುವ ಸವಲತ್ತಿಗೆ. ಕಾಕಾ ಆ ಪಾಪವನ್ನು ಹೊತ್ತುಕೊಳ್ಳುತ್ತಾರೆ, ನಗುನಗುತ್ತಲೇ. ಅಷ್ಟರಮಟ್ಟಿಗೆ ಅವರದು ದುಡಿಮೆಯ ದುಡ್ಡೇ ಅನ್ನಬೇಕು.

ಇಷ್ಟಾದರೂ ಅವ್ವನಿಗೆ ಫೋಟೋ ತೋರಿಸುವ ಶಾಸ್ತ್ರ ಒಂದಿದೆ. ಕಾಕಾ ಮನೆಗೆ ಬಂದು ಕಟ್ಟೆಯ ಮೇಲೆ ಕುಂತು ಮೊಬೈಲು ತೆಗೆಯುತ್ತಾರೆ. ಬೆಂಗಳೂರಿನ ಕಡೆಯ ಜಾಗ. ನರ್ಸು, ಲಿಫ್ಟು, ಯೋಗ, ಈಜುಗೊಳ. ಕಾಲುವೆಯಲ್ಲಿ ಮೊಣಕಾಲಿನ ಮೇಲೆ ನೀರಿಗೆ ಇಳಿಯದ ಅವ್ವ ಈಜುಗೊಳವನ್ನು ಬಹಳ ಹೊತ್ತು ನೋಡಿ, “ದನಾ ಎಷ್ಟು ಅದಾವಪಾ ಅಲ್ಲಿ?” ಎಂದು ಕೇಳಿದಳು.

“ಇದು ಮನಷ್ಯಾರಿಗೆ, ದೊಡ್ಡವ್ವಾ.”

“ರೊಟ್ಟಿ?”

“ರೊಟ್ಟಿ ಐತಿ ಬೇ.”

“ಜ್ವಾಳದ್ದೇನು?”

ಕಾಕಾ ಮಗನ ಮುಖ ನೋಡಿದರು. ಗೋದಿಯದ್ದು ಎಂದು ಯಾರು ಹೇಳಬೇಕು? ಅವ್ವ ಬಿಡಲಿಲ್ಲ. ಪುಂಡಿಪಲ್ಯ ಮಾಡ್ತಾರೇನು? ಎಲಿ-ಅಡಿಕಿ ಹಾಕ್ಕೋಬೋದೇನು? ಗುರುಗುಂಟಿ ಅಮರೇಶ್ವರನ ಜಾತ್ರಿಗೆ ಕಳಸ್ತಾರೇನು? ಬಾಜೂ ಖೋಲಿಯಾಕಿ ನಮ್ಮ ಕಡಿ ಮಾತು ಆಡ್ತಾಳೇನು? ಕೊನೆಗೆ, ಯಾವ ಸಲಹೆಗಾರನೂ ತಯಾರಾಗಿ ಬಂದಿರದ ಪ್ರಶ್ನೆ: “ಅಲ್ಲೇ ಸತ್ತರ, ಮಣ್ಣಿಗೆ ಊರಿಗೆ ತರ್ತೀರೇನು?”

“ಅದು ಪ್ಯಾಕೇಜಿನ್ಯಾಗ ಇಲ್ರಿ” ಎಂದರು ಕಾಕಾ, ಮಗನ ಕಡೆ ತಿರುಗಿ.

ಲಿಂಗಸುಗೂರಿಗೆ ಹೋದಾಗ ಕಾಕಾ ಸಹಾಯಕ ಆಯುಕ್ತರ ಕಚೇರಿಯ ಮುಂದಿನ ರಸ್ತೆ ಬಿಟ್ಟು ಹಿಂದಿನ ರಸ್ತೆಯಿಂದ ಹೋಗುತ್ತಾರೆ. 2007ರ ಕಾಯ್ದೆಯೊಂದು ಅಲ್ಲಿ ಕುಳಿತಿದೆ: ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ. ಮಕ್ಕಳು ನೋಡಿಕೊಳ್ಳದಿದ್ದರೆ ಅವ್ವ ಆ ಕಚೇರಿಗೆ ಒಂದು ಅರ್ಜಿ ಕೊಡಬಹುದು, ತನಗೆ ಆಗದಿದ್ದರೆ ಬೇರೆಯವರ ಕೈಯಿಂದ ಕೊಡಿಸಬಹುದು. ತಿಂಗಳಿಗೆ 10,000 ರೂಪಾಯಿ ತನಕ ಪೋಷಣೆ ಕೊಡಿಸುವ ಅಧಿಕಾರ ಅಲ್ಲಿದೆ. ಹೆತ್ತವರನ್ನು ಎಲ್ಲೋ ಬಿಟ್ಟು ಕೈತೊಳೆದುಕೊಂಡವರಿಗೆ 3 ತಿಂಗಳ ತನಕ ಜೈಲು, ಅಥವಾ 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ಕಾಕಾನಿಗೆ ಇದೆಲ್ಲ ಬಾಯಿಪಾಠ. ಆದರೆ ಅವರು ಮಗನಿಗೆ ಹೇಳುವುದು ಒಂದೇ: “ಮೊದಲ ಹೊಲ ಬರಸ್ಕೊಂಬಿಡ್ರಿ. ಜಾಗ ಆಮ್ಯಾಲ ನೋಡೋಣ.” ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ಪತ್ರವನ್ನೇ ರದ್ದು ಮಾಡಿಸಲು 23ನೇ ಕಲಮು ಇದೆ ಎಂಬುದನ್ನು ಯಾರಾದರೂ ನೆನಪಿಸಿದರೆ ಕಾಕಾನಿಗೆ ತಕ್ಷಣ ಫೋನು ಬರುತ್ತದೆ.

ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಮಂದಿ ಬಡ ಹಿರಿಯರಿಗೆ ಸಾಲುವ ವೃದ್ಧಾಶ್ರಮವನ್ನು ಸರ್ಕಾರ ತೆರೆಯಬಹುದು ಎಂದೂ ಅದೇ ಕಾಯ್ದೆಯಲ್ಲಿದೆ. ‘ಬಹುದು’ ಎಂಬ ಕಡೆ ಕಾಕಾನ ಆಸಕ್ತಿ ಕಡಿಮೆ. ಕಮಿಷನ್ನು ‘ಬಹುದು’ಗಳಲ್ಲಿ ಹುಟ್ಟುವುದಿಲ್ಲ. ದಿಕ್ಕಿಲ್ಲದವರಿಗೆ ನೆರಳು ಕೊಟ್ಟ ಕಾರುಣ್ಯಾಶ್ರಮ ಸಿಂಧನೂರಿನಲ್ಲೇ ಇದೆ. ಅಲ್ಲಿಗೆ ಕಾಕಾ ಗಿರಾಕಿಗಳನ್ನು ಕರೆದುಕೊಂಡು ಹೋದದ್ದನ್ನು ಕಂಡವರಿಲ್ಲ. ತಮ್ಮ ಹುಟ್ಟುಹಬ್ಬಕ್ಕೆ ಮಾತ್ರ ಎರಡು ಡಜನ್ ಬಾಳೆಹಣ್ಣು, ಒಬ್ಬ ಫೋಟೋಗ್ರಾಫರ್ ಸಮೇತ ಹೋಗುತ್ತಾರೆ. ಆ ಫೋಟೋ ವರ್ಷಪೂರ್ತಿ ಅವರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ದುಡಿಯುತ್ತದೆ.

ರಸೀದಿ ಕೇಳಬೇಡಿ. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಚಕ್ರವರ್ತಿ ತನ್ನ ಹೆಸರನ್ನೇ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಅದೇ ಊರಿನಲ್ಲಿ ಹುಟ್ಟಿ ಬೆಳೆದ ಕಾಕಾ ಮಾತ್ರ ಒಂದು ಚೀಟಿಯ ಮೇಲೂ ತಮ್ಮ ಹೆಸರು ಬರೆಯುವುದಿಲ್ಲ. ಮಗನ ಕಡೆಯಿಂದ ‘ಓಡಾಟದ ಖರ್ಚು’, ಆ ಕಡೆಯ ಜಾಗದವರಿಂದ ‘ಪ್ರೀತಿ’. ಎರಡೂ ನಗದು. ಇನ್ನು ಬ್ರಹ್ಮಗಿರಿಯ ಬಂಡೆಯಲ್ಲಿ ಅದೇ ಅಶೋಕ ತಾಯಿ ತಂದೆಯ ಮಾತು ಕೇಳಬೇಕು ಎಂದು ಬರೆಸಿದ್ದಾನೆ. ಅದು ಚಿತ್ರದುರ್ಗ ಜಿಲ್ಲೆ, ಕಾಕಾನ ಏರಿಯಾ ಅಲ್ಲ.

ಕಾಕಾನಿಗೂ ಅವ್ವ ಇದ್ದಾಳೆ. ಮಸ್ಕಿಯ ಹಳೇ ಮನೆಯಲ್ಲಿ, ಕಣ್ಣು ಮಂಜು, ನಾಲಿಗೆ ಚುರುಕು. ಕಟ್ಟೆಯ ಮೇಲೆ ಕುಂತು ಹೋಗುವವರನ್ನೆಲ್ಲ ಹೆಜ್ಜೆ ಸಪ್ಪಳದಿಂದಲೇ ಗುರುತಿಸಿ ಮಾತಾಡಿಸುತ್ತಾಳೆ. ಇಷ್ಟೊಂದು ಮಂದಿಗೆ ಲಿಫ್ಟು, ನರ್ಸು ಇರುವ ಜಾಗ ತೋರಿಸಿದವರು ಸ್ವಂತ ಅವ್ವನಿಗೆ ಒಂದು ನೋಡಲಿಲ್ಲವೇ ಎಂದರೆ ಕಾಕಾ ಎಲೆಗೆ ಸುಣ್ಣ ಹಚ್ಚುತ್ತಾ ಹೇಳುತ್ತಾರೆ:

“ಅಕಿ ಒಲ್ಲೆ ಅಂದ್ಳರೀ. ನಾ ಕೇಳೀನಿ.”

ಸಲಹೆಗಾರ ಬೇಡವೆಂದು ನಾನು ಹೇಳುತ್ತಿಲ್ಲ. ಬಿದ್ದು ತೊಡೆಮೂಳೆ ಮುರಿದುಕೊಂಡವರನ್ನು, ಮರೆವು ಬಂದು ಮನೆಯ ದಾರಿ ತಪ್ಪಿಸಿಕೊಳ್ಳುವವರನ್ನು ಬೆಂಗಳೂರಿನಿಂದ ಫೋನಿನಲ್ಲಿ ನೋಡಿಕೊಳ್ಳಲು ಆಗುವುದಿಲ್ಲ. ಒಳ್ಳೆಯ ಜಾಗ ಬೇಕೇ ಆಗುತ್ತದೆ. ಆದರೆ ಕಾಕಾನನ್ನು ಹಿಡಿಯುವ ಮುಂಚೆ, ಆ ಕಡೆಯಿಂದ ಅವರಿಗೆ ಎಷ್ಟು ಬರುತ್ತದೆ ಎಂದು ಎದುರಿಗೇ ಕೇಳಿ, ಉತ್ತರವನ್ನು ಅವ್ವನ ಮುಂದೆ ಹೇಳಿಸಿ. ಅವರು ಚಹಾ ಬಿಟ್ಟು ಎದ್ದರೆ ಎಲ್ಡರ್ ಲೈನ್ ಇದೆ, 14567. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಕರೆಗೆ ದುಡ್ಡಿಲ್ಲ, ವಗ್ಗರಣಿ-ಮಿರ್ಚಿಯೂ ಕೇಳುವುದಿಲ್ಲ.