ಅಡರಕಟ್ಟಿಯ ಥಂಡಿ ಮತ್ತು ಕಾರಿನ ಟೈರು: ಒಂದು ಶಾಸ್ತ್ರೀಯ ಮೀಮಾಂಸೆ

ಪೂರ್ವಪಕ್ಷ: ಥಂಡಿಗೆ ಬೇರೆಯೇ ಟೈರು ಬೇಕೆಂಬುದು ಉತ್ತರ ಯುರೋಪಿನ ಪಂಡಿತರ ಮತ. ಈ ಪಂಥ ಫಿನ್ಲೆಂಡಿನಲ್ಲಿ 1934ರಲ್ಲಿ ಲಾರಿಗಳ ಸಲುವಾಗಿ ಹುಟ್ಟಿತು. ಉಷ್ಣಾಂಶ 7 ಡಿಗ್ರಿಗಿಂತ ಇಳಿದರೆ ಸಾದಾ ಟೈರಿನ ರಬ್ಬರು ಬಿಗಿದು ಹಿಡಿತ ಸಡಿಲುತ್ತದೆ. ಚಳಿಯ ಟೈರು ಮೆತ್ತಗೇ ಉಳಿಯುತ್ತದೆ. ಅದರ ಮಗ್ಗುಲಲ್ಲಿ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳು, ಹೀಗೊಂದು ಮುದ್ರೆಯೂ ಉಂಟು.

ಖಂಡನೆ: ಲಕ್ಷ್ಮೇಶ್ವರ ತಾಲ್ಲೂಕಿನ ಈ ಊರಿಗೆ ಹಿಮ ಬರುವುದು ಐಸ್‌ಕ್ಯಾಂಡಿ ಡಬ್ಬಿಯಲ್ಲಿ ಮಾತ್ರ. ಶಿಖರ ಬೇಕೆಂದರೆ ಕಪ್ಪತಗುಡ್ಡವಿದೆ. ಅಲ್ಲಿಯೂ ಕಾಣುವುದು ಗಾಳಿಯಂತ್ರ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ನಸುಕಿನಲ್ಲೇ ಹೊರಟವರು ಕಿವಿಗೆ ಟವೆಲ್ ಸುತ್ತಿಕೊಳ್ಳುವುದು ನಿಜ. ಟೈರಿಗೆ ಕಿವಿಯಿಲ್ಲವಾದ್ದರಿಂದ ಈ ಪ್ರಮಾಣ ಅಸಿದ್ಧ. ಮೆತ್ತನೆಯ ರಬ್ಬರು ನಮ್ಮ ಮಧ್ಯಾಹ್ನದ ಬಿಸಿಲಿಗೆ ಬೇಗನೆ ಸವೆಯುತ್ತದೆಂಬುದು ಹೆಚ್ಚುವರಿ ದೋಷ.

ಸಿದ್ಧಾಂತ: ಆದ್ದರಿಂದ ವರ್ಷವಿಡೀ ಸಾದಾ ಟೈರೇ ಗತಿ. ಆದರೆ ಕೊಳ್ಳುವ ಮುಂಚೆ ಜಾತಕ ನೋಡತಕ್ಕದ್ದು. ಮಗ್ಗುಲಲ್ಲಿ 3519 ಎಂದಿದ್ದರೆ ಜನನ 2019ರ 35ನೇ ವಾರ. ಸವೆದು ತೋಡಿನೊಳಗಿನ 1.6 ಮಿಲಿಮೀಟರಿನ ಗುರುತಿಗೆ ಮುಟ್ಟಿದ್ದರೆ ಆಯುಷ್ಯ ಮುಗಿಯಿತು. ಉಷ್ಣಾಂಶ 5-6 ಡಿಗ್ರಿ ಇಳಿದಂತೆ ಹವಾ ಹೆಚ್ಚುಕಡಿಮೆ ಒಂದು ಪೌಂಡು ಇಳಿಯುತ್ತದೆ. ಹಾಗಾಗಿ ಥಂಡಿ ದಿನಗಳಲ್ಲಿ ಗಾಡಿ ಓಡುವ ಮೊದಲೇ ಹವಾ ನೋಡಬೇಕು. ಲಕ್ಷ್ಮೇಶ್ವರಕ್ಕೆ ಹೋಗಿ ಬಂದ ಬಿಸಿ ಟೈರಿನ ಸಾಕ್ಷ್ಯ ಅಗ್ರಾಹ್ಯ.

ಸಂಗ್ರಹ ಪ್ರಕರಣ: ಕತ್ತಲು, ತಂಪು, ಒಣ ಜಾಗ, ರಿಮ್ ಇದ್ದರೆ ಒಂದರ ಮೇಲೊಂದು ಮಲಗಿಸಬೇಕು, ಇಲ್ಲದಿದ್ದರೆ ನಿಲ್ಲಿಸಿ ಆಗಾಗ ತಿರುಗಿಸಬೇಕು ಎಂದು ಪಾಶ್ಚಾತ್ಯರು. ಅಡರಕಟ್ಟಿಯ ಪರಂಪರೆಯಲ್ಲಿ ಆಯುಷ್ಯ ಮುಗಿದ ಟೈರಿಗೆ ಎರಡೇ ಪೀಠ: ಪತ್ರಾಸಿನ ಮೇಲೆ, ಇಲ್ಲವೇ ಬಣವಿಗೆ ಹೊದಿಸಿದ ತಾಡಪತ್ರಿಯ ಮೇಲೆ. ಬಿಸಿಲಿಗೆ ರಬ್ಬರು ಬಿರುಕು ಬಿಡುತ್ತದೆಂದು ನಾವು ವಾದಿಸಿದರೆ ಪ್ರತಿವಾದಿ ಕೇಳುತ್ತಾನೆ: "ಗಾಳಿಗೆ ಪತ್ರಾಸ್ ಹಾರಿ ಹೋದ್ರ ನಿಮ್ಮ ಶಾಸ್ತ್ರ ಬಂದು ಹಿಡಕೊಂತೈತೇನ್ರಿ?"

ಈ ತರ್ಕಕ್ಕೆ ಉತ್ತರ ಯುರೋಪಿನಲ್ಲಿ ಉತ್ತರವಿಲ್ಲ. ಆದರೂ ಒಂದು ಆಕ್ಷೇಪ ನಿಲ್ಲುತ್ತದೆ. ಟೈರಿನೊಳಗೆ ನಿಂತ ಮಳೆನೀರಲ್ಲಿ ಡೆಂಗಿಯ ಈಡಿಸ್ ಸೊಳ್ಳೆ ಸಂಸಾರ ಹೂಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದೆರಡು ವಾರ ಸಾಕು.

ತೀರ್ಪು: ಟೈರು ಪತ್ರಾಸಿನ ಮೇಲೆ ಇರಲಿ, ತಕರಾರಿಲ್ಲ. ಮಲಗಿಸಿದ ಕೆಳಮಗ್ಗುಲಿಗೆ ನೀರು ಸೋರುವಂತೆ ನಾಲ್ಕು ತೂತು ಹೊಡೆದು ಇಡ್ರಿ.