ಇ.ಸಿ.ಜಿ. ಅಣ್ಣ

ಮುಂಬಯಿಯ ಬೈಕುಲ್ಲಾದಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಗ್ರಾಂಟ್ ಮೆಡಿಕಲ್ ಕಾಲೇಜು, ಅದಕ್ಕೆ ಅಂಟಿಕೊಂಡ ಜೆ.ಜೆ. ಆಸ್ಪತ್ರೆ 1845ರ ಕಾಲದವು. 1902ರಲ್ಲಿ ಹುಟ್ಟಿದ ಮಸೀನಾ ಆಸ್ಪತ್ರೆ ಇರುವುದು ಸಸೂನ್ ಸಾಹುಕಾರರ ಹಳೆಯ ಬಂಗಲೆಯಲ್ಲಿ. ಆಸ್ಪತ್ರೆ ಅಂದಮೇಲೆ ಡಾಕ್ಟರು, ನರ್ಸು, ಔಷಧದ ಅಂಗಡಿ, ಗೇಟಿನ ಬಳಿ ಎಳನೀರಿನವನು, ಇವರನ್ನೆಲ್ಲ ನಾವು ಬಲ್ಲೆವು. ಆದರೆ ಹೃದಯದ ಯಂತ್ರಗಳನ್ನು ನಡೆಸಲು ಕಲಿಯುತ್ತಿರುವ ಹುಡುಗನನ್ನು ಬಲ್ಲವರು ಕಡಿಮೆ. ಇಂಥವರು ಈ ಸುತ್ತಿನಲ್ಲಿ ಸಾಕಷ್ಟು ಇದ್ದಾರೆ. ಎಲ್ಲರನ್ನೂ ಸೇರಿಸಿ ಒಬ್ಬನೆಂದು ಭಾವಿಸಿ, ಇ.ಸಿ.ಜಿ. ಅಣ್ಣ ಎಂದು ಕರೆಯೋಣ.

ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಬರುವ ಇವನನ್ನು ಗುರುತಿಸುವುದು ಸುಲಭ. ಬೋಗಿಯಲ್ಲಿ ಎಲ್ಲರೂ ಮೊಬೈಲು ನೋಡುತ್ತಿದ್ದರೆ ಇವನು ಅಂಗಿಯೊಳಗೆ ಕೈ ತೂರಿಸಿ ತನ್ನ ಪಕ್ಕೆಲುಬು ಎಣಿಸುತ್ತಿರುತ್ತಾನೆ. ಇ.ಸಿ.ಜಿ. ವೈರು ಹಚ್ಚುವ ಜಾಗಗಳ ಲೆಕ್ಕ ಅದು: ಎದೆಮೂಳೆಯ ಬಲಕ್ಕೆ ನಾಲ್ಕನೆಯ ಸಂದಿನಲ್ಲಿ ವಿ-1, ಎಡಕ್ಕೆ ಅದೇ ಸಂದಿನಲ್ಲಿ ವಿ-2. ಕೊರಳೆಲುಬಿನ ನಡುವಿನಿಂದ ನೇರ ಇಳಿದು ಐದನೆಯ ಸಂದು ಮುಟ್ಟಿದರೆ ವಿ-4. ಅದು ಸಿಕ್ಕ ಮೇಲೆಯೇ ವಿ-3ಕ್ಕೆ ಜಾಗ. ಕುರ್ಲಾದಲ್ಲಿ ಜನ ನುಗ್ಗುತ್ತಾರೆ, ಲೆಕ್ಕ ತಪ್ಪುತ್ತದೆ, ದಾದರಿನಲ್ಲಿ ಮತ್ತೆ ಕೊರಳೆಲುಬಿನಿಂದ ಶುರು. ನೂಕುನುಗ್ಗಲಲ್ಲಿ ಪಕ್ಕದವರ ಪಕ್ಕೆಲುಬು ಎಣಿಸಿ ಬೈಸಿಕೊಂಡದ್ದೂ ಉಂಟು.

ಮನೆಯವರಿಗೆ ಇವನ ಓದು ಏನೆಂದು ಇನ್ನೂ ಬಗೆಹರಿದಿಲ್ಲ. ಅಮ್ಮ ಊರಿಗೆ ಫೋನು ಮಾಡಿ, “ಮಗ ಹಾರ್ಟಿನದ್ದು ಕಲೀತಿದ್ದಾನೆ” ಅನ್ನುತ್ತಾರೆ. ಆ ಮಾತು ಮೂಲ್ಕಿ, ಕಾರ್ಕಳ ದಾಟುವಷ್ಟರಲ್ಲಿ ಇವನು ಹಾರ್ಟ್ ಸ್ಪೆಷಲಿಸ್ಟ್ ಆಗಿರುತ್ತಾನೆ. ಮಾಮನ ಕಿವಿಗೆ ಬಿದ್ದದ್ದು ‘ಟೆಕ್ನಾಲಜಿಸ್ಟ್’ ಎಂಬ ತುಂಡು ಮಾತ್ರ. “ಮೆಷಿನಿನವ ಅಲ್ಲವಾ? ಹೋಟೆಲಿನ ಗ್ರೈಂಡರು ನಿಂತಿದೆ, ಒಮ್ಮೆ ನೋಡಿ ಹೋಗು ಮಾರಾಯಾ.” ಡಾಕ್ಟರಿಗೂ ಎಲೆಕ್ಟ್ರಿಷಿಯನ್ನಿಗೂ ನಡುವೆ ಒಂದು ಕಸುಬು ಇರಬಹುದೆಂದು ನಮ್ಮ ಜನ ಒಪ್ಪುವುದಿಲ್ಲ. ಸಂಸತ್ತು ಒಪ್ಪಿದೆ: ಆರೋಗ್ಯದ ಪೂರಕ ವೃತ್ತಿಗಳಿಗೆಂದೇ 2021ರಲ್ಲಿ ಮಾಡಿದ ಕಾಯ್ದೆಯ ಪಟ್ಟಿಯಲ್ಲಿ ಇವನ ಕಸುಬಿಗೂ ಹೆಸರುಂಟು. ಮಾಮ ಆ ಪಟ್ಟಿ ಓದಿಲ್ಲ.

ಮೊದಲ ವರ್ಷದ ಇ.ಸಿ.ಜಿ. ಅಣ್ಣನಷ್ಟು ಅಪಾಯಕಾರಿ ಪ್ರಾಣಿ ಬೈಕುಲ್ಲಾದ ಮೃಗಾಲಯ ರಾಣಿಬಾಗಿನಲ್ಲೂ ಇಲ್ಲ. ಇ.ಸಿ.ಜಿ. ಕಾಗದ ಸೆಕೆಂಡಿಗೆ 25 ಮಿಲಿಮೀಟರು ಓಡುತ್ತದೆ, ಎರಡು ಬಡಿತಗಳ ನಡುವಿನ ದೊಡ್ಡ ಚೌಕ ಎಣಿಸಿ 300ನ್ನು ಅದರಿಂದ ಭಾಗಿಸಿದರೆ ನಿಮಿಷದ ಬಡಿತ ಸಿಗುತ್ತದೆ. ಇಷ್ಟು ಕಲಿತ ವಾರದಿಂದಲೇ ಇವನಿಗೆ ಜಗತ್ತಿನಲ್ಲಿ ಆರೋಗ್ಯವಂತರು ಕಾಣುವುದಿಲ್ಲ. ತುಪ್ಪದ ದೋಸೆ ತಿನ್ನುವ ಅಣ್ಣಂದಿರ ಮುಖವನ್ನು ಮರುಕದಿಂದ ನೋಡುತ್ತಾನೆ. ಮಳೆಗಾಲದಲ್ಲಿ ಊರಿನಿಂದ ಯಕ್ಷಗಾನ ಮೇಳ ಬಂದರೆ ಎಲ್ಲರೂ ವೇಷ ನೋಡುವಾಗ ಇವನು ಚೆಂಡೆ ಕೇಳುತ್ತ, “ಬಡಿತ 150 ದಾಟಿತು” ಎಂದು ಪಿಸುಗುಟ್ಟುತ್ತಾನೆ. ದೊಡ್ಡಮ್ಮನ ನಾಡಿ ಹಿಡಿದು ಗಡಿಯಾರ ನೋಡಿ ಹುಬ್ಬು ಗಂಟಿಕ್ಕಿದ್ದೇ ತಡ, ಚೆನ್ನಾಗಿಯೇ ಇದ್ದ ಅವರಿಗೆ ಆ ರಾತ್ರಿ ನಿದ್ದೆ ಇಲ್ಲ.

ಆಸ್ಪತ್ರೆಯಲ್ಲಿ ಇವನ ಪಾಡು ಬೇರೆ. ಹೃದಯದ ವಿದ್ಯೆ ಶುರುವಾಗುವುದು ರೇಜರಿನಿಂದ. ಎದೆಯ ಕೂದಲು ಬೋಳಿಸದೆ ಎಲೆಕ್ಟ್ರೋಡು ಅಂಟುವುದಿಲ್ಲ, ಅಂಟದಿದ್ದರೆ ಗೆರೆ ಸರಿ ಬರುವುದಿಲ್ಲ. ಹತ್ತು ವೈರು, ಹನ್ನೆರಡು ನೋಟ, ಅಂದರೆ ಲೀಡು. ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಇದನ್ನು ಮಂತ್ರದಂತೆ ಜಪಿಸುತ್ತಲೇ ಒಂದು ದಿನ ಕೆಂಪನ್ನೂ ಹಳದಿಯನ್ನೂ ಅದಲುಬದಲು ಮಾಡುತ್ತಾನೆ. ಮೊದಲನೆಯ ಲೀಡು ತಲೆಕೆಳಗಾಗಿ ಬರುತ್ತದೆ. ಅಣ್ಣನಿಗೆ ರೋಮಾಂಚನ! ಹೃದಯ ಬಲಗಡೆ ಇರುವ ಅಪರೂಪದ ರೋಗಿ ಸಿಕ್ಕಿದ! ಕಾಗದ ಹಿಡಿದು ಓಡುತ್ತಾನೆ. ಸರ್ ಎದೆಯ ಆರು ಲೀಡುಗಳ ಮೇಲೆ ಕಣ್ಣಾಡಿಸುತ್ತಾರೆ. ಅವು ಯಥಾಪ್ರಕಾರ ಇವೆ. ಹೃದಯ ನಿಜವಾಗಿ ಬಲಗಡೆ ಇದ್ದಿದ್ದರೆ ಅವೂ ಬದಲಾಗಬೇಕಿತ್ತು. “ರೋಗಿಯ ಹೃದಯ ಜಾಗದಲ್ಲೇ ಇದೆ, ನಿನ್ನ ತಲೆ ಎಲ್ಲಿದೆ ನೋಡು” ಎಂದು ಕಾಗದ ಹಿಂದಿರುಗಿಸುತ್ತಾರೆ. ಈ ಕಸುಬಿಗೆ ಬಂದವರಲ್ಲಿ ಈ ಪ್ರಸಂಗ ದಾಟದೆ ಮುಂದೆ ಹೋದವರು ವಿರಳ.

ಟಿ.ಎಂ.ಟಿ. ಕೋಣೆಯಲ್ಲಿ ಮತ್ತೊಂದು ಬಗೆಯ ಶಿಕ್ಷೆ. ಓಡುವ ಪಟ್ಟಿಯ ಮೇಲೆ ನಡೆಸಿ ಹೃದಯ ಪರೀಕ್ಷಿಸುವ ಈ ಕ್ರಮಕ್ಕೆ ರಾಬರ್ಟ್ ಬ್ರೂಸ್ ಎಂಬ ವೈದ್ಯರ ಹೆಸರಿದೆ. ಮೂರು ಮೂರು ನಿಮಿಷಕ್ಕೆ ವೇಗವೂ ಏರು, ಇಳಿಜಾರೂ ಏರು. 220ರಲ್ಲಿ ವಯಸ್ಸು ಕಳೆದು, ಉಳಿದದ್ದರಲ್ಲಿ ನೂರಕ್ಕೆ 85 ಮುಟ್ಟಿಸಬೇಕು. ಐವತ್ತೈದರ ಹೋಟೆಲ್ ಧಣಿಗೆ ಅದು ಸುಮಾರು 140. ಧಣಿಗಳು ಪಟ್ಟಿ ಹತ್ತುವ ಮೊದಲೇ ಚರ್ಚೆಗೆ ನಿಲ್ಲುತ್ತಾರೆ: “ನಾನು ದಿನಾ ಬೆಳಗ್ಗೆ ಮಾರ್ಕೆಟಿಗೆ ನಡೆದೇ ಹೋಗುವುದು. ಅಲ್ಲಿ ನಡೆದರೆ ತರಕಾರಿಯಾದರೂ ಸಿಗ್ತದೆ. ಇಲ್ಲಿ ನಡೆಯಲಿಕ್ಕೆ ನಾನೇ ದುಡ್ಡು ಕೊಡಬೇಕಾ?” ಎರಡನೆಯ ಹಂತದಲ್ಲಿ ಚರ್ಚೆ ನಿಲ್ಲುತ್ತದೆ. ಮೂರನೆಯದರಲ್ಲಿ ಧಣಿ ಅಣ್ಣನನ್ನು ‘ಡಾಕ್ಟ್ರೇ’ ಎಂದು ಕರೆಯತೊಡಗುತ್ತಾರೆ.

ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಮಣಿಪಾಲದಲ್ಲೋ ಬೆಂಗಳೂರಿನ ಜಯದೇವದಲ್ಲೋ ಕಲಿಯುವ ಇವನ ಓರಗೆಯವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಕೊನೆಗೆ ತಲುಪುವುದು ರಕ್ತನಾಳದೊಳಗೆ ಕೊಳವೆ ತೂರಿಸಿ ಹೃದಯ ಪರೀಕ್ಷಿಸುವ ಕ್ಯಾಥ್ ಲ್ಯಾಬಿಗೆ. ಎಕ್ಸ್-ರೇ ತಡೆಯಲು ಸೀಸದ ಏಪ್ರನ್ ತೊಟ್ಟು, ತಣ್ಣನೆಯ ಏ.ಸಿ.ಯಲ್ಲಿ ಐದಾರು ಕಿಲೋ ಹೊತ್ತು, ಕಾಲು ಎಳೆಯುತ್ತ ಓಡಾಡುವ ಈ ಹುಡುಗರು, 2016ರಲ್ಲಿ ರಾಣಿಬಾಗಿಗೆ ಬಂದಿಳಿದ ಪೆಂಗ್ವಿನ್‌ಗಳ ದಾಯಾದಿಗಳಂತೆಯೇ ಕಾಣುತ್ತಾರೆ. ವ್ಯತ್ಯಾಸ ಇಷ್ಟೆ, ಪೆಂಗ್ವಿನ್‌ಗಳನ್ನು ನೋಡಲು ಜನ ಟಿಕೆಟ್ ಕೊಂಡು ಬರುತ್ತಾರೆ.

ಇಲ್ಲಿ ಅಣ್ಣನ ಬಾಯಿ ಕಟ್ಟುತ್ತದೆ. ಡಾಕ್ಟರ ಕಣ್ಣು ಕೊಳವೆಯ ಮೇಲೆ, ಇವನ ಕಣ್ಣು ಪರದೆಯ ಮೇಲಿನ ಒತ್ತಡದ ಅಲೆಯ ಮೇಲೆ. ಕೊಳವೆಯ ತುದಿ ರಕ್ತನಾಳದ ಬಾಯಿಗೆ ಬಿಗಿದುಕೊಂಡರೆ ಆ ಅಲೆ ತಗ್ಗುತ್ತದೆ. ಆಗ ಕೋಣೆಗೆ ಕೇಳುವಂತೆ “ಡ್ಯಾಂಪಿಂಗ್, ಸರ್!” ಅನ್ನಬೇಕು. ಉಳಿದ ಹೊತ್ತು ಬಾಯಿಗೆ ಬೀಗ. ಅದಕ್ಕೇ ಇರಬೇಕು, ಕೂಡಿಟ್ಟ ಮಾತನ್ನೆಲ್ಲ ಇವನು ಮದುವೆಯ ಪಂಕ್ತಿಯಲ್ಲಿ ಖರ್ಚು ಮಾಡುತ್ತಿದ್ದ ಕಾಲವೊಂದಿತ್ತು. ಜರ್ಮನಿಯ ಫೋರ್ಸ್‌ಮನ್ ಎಂಬ ಎಳೆಯ ವೈದ್ಯ 1929ರಲ್ಲಿ ತನ್ನದೇ ತೋಳಿನ ರಕ್ತನಾಳದೊಳಗೆ ಕೊಳವೆ ತೂರಿಸಿ ಹೃದಯದವರೆಗೆ ತಳ್ಳಿದ, ಹಾಗೆಯೇ ಮೆಟ್ಟಿಲಿಳಿದು ಹೋಗಿ ಎಕ್ಸ್-ರೇ ತೆಗೆಸಿಕೊಂಡ, ಆಗ ಬೈಸಿಕೊಂಡವನಿಗೆ 1956ರಲ್ಲಿ ನೊಬೆಲ್ ಬಂತು ಎಂಬ ಕಥೆಯನ್ನು ಸರಿಯಾಗಿ ಶಾವಿಗೆ ಪಾಯಸ ಬಡಿಸುವ ಹೊತ್ತಿಗೇ ಹೇಳುತ್ತಿದ್ದ. ದೊಡ್ಡಮ್ಮ ಎಲೆ ಮಡಚಿ ಎದ್ದುಬಿಡುತ್ತಿದ್ದರು.

ಈಗ ಇಂಟರ್ನ್ ಆದ ಮೇಲೆ ನೋಡಿ. ಅದೇ ಪಂಕ್ತಿ, ಅದೇ ಪಾಯಸ. ಮಾಮ ಪರ್ಸಿನಿಂದ ನಾಲ್ಕು ಮಡಿಕೆಯ ಇ.ಸಿ.ಜಿ. ಕಾಗದ ತೆಗೆದು, ಎಣ್ಣೆ ಕೈಯಲ್ಲೇ ಬಿಡಿಸಿ ಮುಂದೆ ಹಿಡಿಯುತ್ತಾರೆ. ಅಣ್ಣ ಕಾಗದ ನೋಡುತ್ತಾನೆ. ಮಾಮನ ಮುಖ ನೋಡುತ್ತಾನೆ. ಮತ್ತೆ ಕಾಗದ ನೋಡುತ್ತಾನೆ.

“ಮಾಮಾ, ನಾಳೆ ಬೆಳಗ್ಗೆಯೇ ಡಾಕ್ಟ್ರಿಗೆ ತೋರಿಸಿ. ಬೇಕಾದರೆ ನಾನೂ ಬರ್ತೇನೆ.”

“ಅದು ನನಗೂ ಗೊತ್ತುಂಟು. ನಾಲ್ಕು ವರ್ಷ ನೀನು ಎಂತ ಕಲಿತದ್ದು ಹಾಗಾದರೆ?”

ಅಣ್ಣ ಪಾಯಸ ಹಾಕಿಸಿಕೊಳ್ಳುತ್ತಾನೆ. ಗೆರೆ ತೆಗೆಯುವುದು ತನ್ನ ಕೆಲಸ, ರೋಗದ ಹೆಸರು ಹೇಳುವುದು ಡಾಕ್ಟರದ್ದು ಎಂಬುದನ್ನು ಕಲಿಯಲು ನಾಲ್ಕು ವರ್ಷ ಹಿಡಿಯಿತೆಂದು ಮಾಮನಿಗೆ ಹೇಳುವುದು ಹೇಗೆ? ಹೇಳಿದರೂ ಅವರು ಗ್ರೈಂಡರಿನ ಮಾತು ಎತ್ತುತ್ತಾರೆ. ನನ್ನನ್ನು ಕೇಳಿದರೆ, ಅಣ್ಣ ಕಲಿತದ್ದಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡ.

ಇಷ್ಟಾಗಿ, ಓದುಗರಲ್ಲಿ ಒಂದು ಕೋರಿಕೆ. ನೀವು ಎಂದಾದರೂ ಇವನ ಮಂಚದ ಮೇಲೆ ಮಲಗುವ ಪ್ರಸಂಗ ಬಂದರೆ, ಅವನು ವೈರು ಹಚ್ಚಿ ಮರಾಠಿಯಲ್ಲಿ ‘ಹಲೂ ನಕಾ’ ಅಂದ ಮೇಲೆ ದಯವಿಟ್ಟು ಅಲುಗಾಡಬೇಡಿ, ಮಾತಾಡಬೇಡಿ, ಈ ಬರಹ ನೆನಪಾದರೂ ನಗಬೇಡಿ. ಗೆರೆಯೆಲ್ಲ ನಡುಗಿಬಿಡುತ್ತದೆ; ಅವನು ಮತ್ತೆ ಮೊದಲಿನಿಂದ ತೆಗೆಯಬೇಕಾಗುತ್ತದೆ.