ಕಾಣದ ನಳದ ಮೀಮಾಂಸೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಹಳೆಯ ಮನೆಗಳಲ್ಲಿ ನಳ ಯಾವಾಗ ಒಡೆಯುತ್ತದೆ ಎಂಬ ವಿಷಯದಲ್ಲಿ ವಿದ್ವಾಂಸರೊಳಗೆ ಭಿನ್ನಮತವಿಲ್ಲ: ನೀರು ಬಿಡುವ ದಿನ, ನಸುಕಿನಲ್ಲಿ, ಬೀಗರು ಮನೆಯಲ್ಲಿದ್ದಾಗ. ಏಕೆ ಒಡೆಯುತ್ತದೆ ಎಂಬುದೂ ಬಹುಪಾಲು ಇತ್ಯರ್ಥವಾಗಿದೆ. ಉಳಿದದ್ದು ಎಲ್ಲಿ ಒಡೆದಿದೆ ಎಂಬುದೊಂದೇ. ಈ ಪ್ರಶ್ನೆ ಪ್ಲಂಬರನದಲ್ಲ, ಇತಿಹಾಸ ಸಂಶೋಧಕರದು ಎಂಬುದು ಪ್ರಸ್ತುತ ಪ್ರಬಂಧದ ವಾದ.

ಮೊದಲು ಪೂರ್ವಪಕ್ಷ. ಕಾರಣವಾದಿಗಳಲ್ಲಿ ಊರಿಗೊಂದು ಮತ. ಬಾಗಲಕೋಟೆಯವರು ನೀರನ್ನು ದೂರುತ್ತಾರೆ. ಸಿಮೆಂಟ್ ಕಾರ್ಖಾನೆ ಹುಡುಕಿಕೊಂಡು ಬರುವಷ್ಟು ಸುಣ್ಣಕಲ್ಲಿನ ಸೀಮೆಯಿದು. ಬೋರಿನ ಗಡಸು ನೀರು ಕಬ್ಬಿಣದ ನಳದ ಒಳಮೈಗೆ ಸುಣ್ಣ ಬಳಿಯುತ್ತ ಬಳಿಯುತ್ತ, ಕೊನೆಗೆ ಪೆನ್ಸಿಲು ತೂರುವಷ್ಟು ದಾರಿ ಉಳಿಸುತ್ತದೆ. ಹುನಗುಂದದವರು ಎರಿ ಮಣ್ಣನ್ನು ದೂರುತ್ತಾರೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ನೆಲ ಗಟಾರದ ಕೊಳವೆಗಳ ಕೀಲು ಬಿಡಿಸುತ್ತದೆ, ಬಿಟ್ಟ ಕೀಲಿನೊಳಗೆ ಬೇವಿನ ಬೇರು ಸಂಸಾರ ಹೂಡುತ್ತದೆ. ಇಳಕಲ್ಲಿನವರು ಯಾರನ್ನೂ ದೂರುವುದಿಲ್ಲ. ನಳದ ಮೇಲೆ ಊರಿನದೇ ಕೆಂಪು ಗ್ರಾನೈಟ್ ಹಾಸಿರುವುದರಿಂದ ಸೋರಿದ್ದು ಅವರಿಗೆ ಕಾಣುವುದಿಲ್ಲ, ಮಗ್ಗುಲಮನೆಯವರಿಗೆ ಕಾಣುತ್ತದೆ.

ಇನ್ನೊಂದು ಕಾರಣ ಎಲ್ಲ ಊರಿಗೂ ಸಲ್ಲುವಂಥದ್ದು. ದಿನಗಟ್ಟಲೆ ಬರಿದಾಗಿದ್ದ ನಳಕ್ಕೆ ಒಮ್ಮೆಲೆ ನೀರು ಬಿಟ್ಟರೆ, ಸಿಕ್ಕಿಕೊಂಡ ಗಾಳಿ ಹಳೆಯ ಕೀಲುಗಳನ್ನು ಗುದ್ದುತ್ತ ಓಡುತ್ತದೆ. ನೀರು ನಿಂತು ನಳ ಬರಿದಾಗುವಾಗ ಅದೇ ಕೀಲು ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊರಗಿರುವುದು ಬಹುತೇಕ ಗಟಾರ. ಮೊದಲನೆಯ ಕೊಡ ಚೆಲ್ಲಬೇಕೆಂದು ಹಿರಿಯರು ಮಾಡಿದ ವಿಧಿಗೆ ಇದೇ ಭಾಷ್ಯ.

ಆಪದ್ಧರ್ಮವನ್ನೂ ಇಲ್ಲೇ ಹೇಳಿ ಮುಗಿಸಬಹುದು. ಸೈಕಲ್ ಟ್ಯೂಬನ್ನು ಪಟ್ಟಿ ಸೀಳಿ, ಎಳೆದೆಳೆದು ಸುತ್ತುವುದು ಶ್ರೇಷ್ಠ. ಎಂ-ಸೀಲ್ ಮಧ್ಯಮ, ಏಕೆಂದರೆ ಅದು ಒಣ ನಳವನ್ನು ಬೇಡುತ್ತದೆ, ಒಣ ನಳವಿದ್ದರೆ ಆಪತ್ತೇ ಇರುವುದಿಲ್ಲ. ಗೂಟಕ್ಕೆ ಹಳೆಯ ಇಳಕಲ್ಲ ಸೀರೆಯ ಅರಿವೆ ಸುತ್ತಿ ಬಡಿಯುವುದೂ ಶಾಸ್ತ್ರಸಮ್ಮತ. ಹತ್ತಿಯ ನೂಲು ತೊಯ್ದರೆ ಬಿಗಿಯುತ್ತದೆ. ಟೋಪ ತೆನಿಯ ಸೆರಗು ಮಾತ್ರ ನಿಷಿದ್ಧ. ಕಾರಣ ತಾಂತ್ರಿಕವಲ್ಲ, ಅತ್ತೆಯವರು.

ಈಗ ಬಾದಾಮಿ. ಅಲ್ಲಿಯ ಬಂಡೆಯೊಂದರ ಮೇಲೆ, ಶಕ 465ರಲ್ಲಿ, ಅಂದರೆ 543ರಲ್ಲಿ, ಒಂದನೆಯ ಪುಲಕೇಶಿ ಗುಡ್ಡಕ್ಕೆ ಕೋಟೆ ಕಟ್ಟಿಸಿದನೆಂದು ಕೊರೆಯಲಾಗಿದೆ. ಮೂರನೆಯ ಗುಹೆಯನ್ನು ಮಂಗಲೇಶ ಶಕ 500ರಲ್ಲಿ ಮಾಡಿಸಿದ. ವರ್ಷವಷ್ಟೇ ಅಲ್ಲ, ಅದು ಕಾರ್ತಿಕ ಹುಣ್ಣಿಮೆಯೆಂದೂ ಅಲ್ಲಿಯೇ ಇದೆ. ಹುನಗುಂದ ಸೀಮೆಯ ಐಹೊಳೆಯಲ್ಲಿ ರವಿಕೀರ್ತಿ ಇನ್ನೂ ಒಂದು ಹೆಜ್ಜೆ ಮುಂದೆ: ಶಕ 556 ಎಂದರೆ ಸಾಲದೆಂದು, ಭಾರತಯುದ್ಧ ಮುಗಿದು 3735 ವರ್ಷವಾಯಿತೆಂದು ಲೆಕ್ಕ ಒಪ್ಪಿಸಿ, ತಾನು ಕಾಳಿದಾಸ ಭಾರವಿಗಳಿಗೆ ಸಮನೆಂಬ ಮಾಹಿತಿಯನ್ನೂ ಸೇರಿಸಿದ್ದಾನೆ. ಇಂಥ ನೆಲದಲ್ಲಿ, ಅಜ್ಜ ನಳ ಹಾಕಿಸಿದ್ದು ಪಡಸಾಲೆಯ ಕೆಳಗೋ ದೇವರ ಕೋಣೆಯ ಕೆಳಗೋ ಎಂಬುದಕ್ಕೆ ಒಂದಕ್ಷರದ ಆಧಾರವಿಲ್ಲ. ಉಪಲಬ್ಧವಿರುವುದು ಮೌಖಿಕ ಪರಂಪರೆ ಮಾತ್ರ. ಅದರ ಮಾದರಿ:

“ನಳ ಎಲ್ಲಿಂದ ಎಲ್ಲೀಗೆ ಹೋಗೇತ್ರಿ ಕಾಕಾರ?”

“ಅದು ನಮ್ಮ ಅಪ್ಪಗ ಗೊತ್ತಿತ್ತಪಾ.”

“ವಾಲ್ವ್ ಎಲ್ಲೈತ್ರಿ?”

“ಟೈಲ್ಸ್ ಹಾಕೂ ಮುಂದ ಇಲ್ಲೇ ಇತ್ತು.”

ಸಂಶೋಧನೆಯಲ್ಲಿ ಇದರ ಮುಂದಿನ ಹಂತಕ್ಕೆ ಉತ್ಖನನ ಎನ್ನುತ್ತಾರೆ. ಪದರ ಪದರವಾಗಿ ಮೊದಲು ಮಗನ ಕಾಲದ ಟೈಲ್ಸ್, ಅದರ ಕೆಳಗೆ ಅಪ್ಪನ ಕಾಲದ ಶಹಾಬಾದ ಪರಸಿ, ಆಮೇಲೆ ಮಣ್ಣು. ವಾಲ್ವ್ ದೊರೆತರೂ ಹಾಕಿದಂದಿನಿಂದ ಯಾರೂ ತಿರುಗಿಸದ ಅದು ತುಕ್ಕು ಕಚ್ಚಿ, ಪಾನಾ ಹಚ್ಚಿದೊಡನೆ ತಲೆ ಮುರಿದುಕೊಳ್ಳುತ್ತದೆ. ಪುರಾತನ ವಸ್ತುಗಳನ್ನು ಮುಟ್ಟಬಾರದೆಂಬ ನಿಯಮ ಇದಕ್ಕೇ ಇರಬೇಕು.

ಅಳತೆ ಮಾಡುವುದು ನಮಗೆ ಬರುವುದಿಲ್ಲವೇ? ಬಾಗಲಕೋಟೆಯನ್ನು ನೋಡಿ. ಆಲಮಟ್ಟಿಯ ನೀರು 519.60 ಮೀಟರಿಗೆ ನಿಲ್ಲುತ್ತದೆ, ಮುಂದೆ 524.256ಕ್ಕೆ ಏರಿಸುವುದಿದೆ. ಮಿಲಿಮೀಟರಿನವರೆಗೆ ಲೆಕ್ಕ! ಹಳೆಯ ಊರಿನ ಎಷ್ಟೋ ಮನೆಗಳು ಮುಳುಗಡೆಗೆ ಹೋಗಿ ಜನ ನವನಗರಕ್ಕೆ ಬಂದರು. ನಳ ಎಲ್ಲಿ ಸೋರುತ್ತಿದೆಯೆಂಬ ಪ್ರಶ್ನೆ ಪೂರ್ತಿ ಬಗೆಹರಿದದ್ದು ಆ ಮನೆಗಳಲ್ಲಿ ಮಾತ್ರ. ಈಗ ಒಳಗೂ ನೀರು, ಹೊರಗೂ ನೀರು. ಹಾಗೆ ಬಂದವರು ನವನಗರದಲ್ಲಿ ಹೊಸ ಮನೆ ಕಟ್ಟಿ ಹೊಸ ನಳ ಹಾಕಿಸಿದರು. ಅದರ ಆಳ “ಮೊಳಕೈ ಮಟ” ಎಂಬುದಕ್ಕಿಂತ ಹೆಚ್ಚು ಖಚಿತವಾಗಿ ಯಾರಿಗೂ ತಿಳಿಯದು. ಆ ಮನೆಗಳೂ ಈಗ ಹಳೆಯವಾಗುತ್ತಿವೆ.

ಆದ್ದರಿಂದ ಸಿದ್ಧಾಂತ: ನಳ ಹಾಕಿಸಿದವರು ಬಚ್ಚಲದ ಗೋಡೆಗೆ ಶಾಸನ ಬರೆಸತಕ್ಕದ್ದು. ಒಕ್ಕಣೆ ಹೀಗಿರಲಿ: “ಸ್ವಸ್ತಿ. ಈ ಗೋಡೆಯಿಂದ ಒಂದೂವರೆ ಅಡಿ ಮೂಡಲಿಗೆ, ಎರಡಡಿ ಆಳದಲ್ಲಿ ನಳ ಹೋಗಿದೆ. ವಾಲ್ವ್ ತುಳಸಿಕಟ್ಟೆಯ ಬಡಗಲಿಗೆ. ಇದರ ಮೇಲೆ ಟೈಲ್ಸ್ ಹಾಕಿಸಿದವರು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವರು.”

ಈ ಸಿದ್ಧಾಂತವನ್ನು ಪ್ರಯೋಗಕ್ಕೂ ಒಡ್ಡಲಾಯಿತು. ಒಡೆದ ನಳ ಕೂಡಿಸಿ, ಮಣ್ಣು ಮುಚ್ಚುವ ಮೊದಲು, ಪ್ಲಂಬರ್ ಇದ್ದಿಲು ಹಿಡಿದು ಗೋಡೆಯ ಮುಂದೆ ನಿಂತ. ಮನೆಯೊಡತಿ, ದೀಪಾವಳಿಗೆ ಬಣ್ಣ ಹಚ್ಚಿಸಿದ ಗ್ವಾಡಿ, ಏನೂ ಬರೀಬ್ಯಾಡಪಾ ಎಂದರು. ಕಾಕಾ ಆಕೆಯ ಮಾತಿಗೆ ಒಪ್ಪಿಗೆ ಕೊಟ್ಟರು:

“ಬರಿಯೂದೇನೈತಿ, ನನಗ ನೆನಪಿರತೈತಿ ತಗೋ.”